ಲಿಂಡೆ ಮರಕ್ಕೆ ಕಟ್ಟಿದ ಉಡದಾರ

ಗೌರಾಬಾಯಿ ಮೂವತ್ತೊಂದು ವರ್ಷ ನರಗುಂದದ ಹತ್ತಿರದ ಅಂಗನವಾಡಿಯೊಂದರಲ್ಲಿ ಕೂಸುಗಳನ್ನು ತೂಗಿದವರು. ತೂಕ ಬರೆದುಕೊಂಡ ಮೇಲೆ ಅವರ ಬೆರಳು ತಾನಾಗಿಯೇ ಕೂಸಿನ ಸೊಂಟಕ್ಕೆ ಹೋಗುತ್ತಿತ್ತು. ಉಡದಾರದ ಕೆಳಗೆ ಆ ಬೆರಳು ಸಲೀಸಾಗಿ ಆಡದಿದ್ದರೆ ತಾಯಿಗೆ ಬೈಗುಳ ತಪ್ಪುತ್ತಿರಲಿಲ್ಲ. "ಕೂಸು ಬೆಳೀತೈತಿ, ದಾರ ಬೆಳೀತೈತೇನ? ಸಡ್ಲ ಮಾಡವಾ" ಎನ್ನುತ್ತಿದ್ದರು. ಅವರ ಬಾಯಿಗೆ ಹೆದರದ ತಾಯಿ ಆ ಓಣಿಯಲ್ಲಿರಲಿಲ್ಲ.

ಇಂಥ ಗೌರಾಬಾಯಿ ನಾಲ್ಕು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಅಂಟಿನುಂಡಿ, ಅಜವಾನ, ಹಳೆಯ ಕಾಟನ್ ಸೀರೆಗಳ ಗಂಟು ಹೊತ್ತು ಪರದೇಶದ ಆಮರ್ಸ್‌ಫೋರ್ಟ್ ಎಂಬ ಊರಿಗೆ ಬಂದಿಳಿದರು. ಮಗಳು ವೈಶಾಲಿ, ಅಳಿಯ ಪ್ರಭುದೇವ ಇಬ್ಬರೂ ಅಲ್ಲಿ ಎಂಜಿನಿಯರುಗಳು. ಕೂಸು ಎರಡೂವರೆ ತಿಂಗಳು ಮೊದಲೇ ಹುಟ್ಟಿಬಿಟ್ಟಿತ್ತು. ಬಸವ ಎಂದು ಹೆಸರಿಟ್ಟರು. ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಅದರ ಮೈತುಂಬ ವೈರುಗಳು, ಸೊಂಟಕ್ಕೆ ಉಡದಾರ ಕಟ್ಟಲು ಜಾಗವೇ ಇಲ್ಲ. ಯಾರೂ ಇಲ್ಲದ ಹೊತ್ತು ನೋಡಿ ಗೌರಾಬಾಯಿ ಅದರ ಮಣಿಕಟ್ಟಿಗೆ ಕರಿದಾರ ಕಟ್ಟಿದರು. ಒಂಬತ್ತನೆಯ ದಿನ ನರ್ಸ್ ಹುಡುಗಿ ಅದನ್ನು ಕಂಡು, ತೆಗೆಯಲೇ ಎಂದು ವೈಶಾಲಿಯನ್ನು ಕೇಳಿದಳು. ವೈಶಾಲಿ ಹೂಂ ಎಂದಳು. ನರ್ಸ್ ದಾರ ಕತ್ತರಿಸಿದಳು. ಹನ್ನೊಂದನೆಯ ದಿನ ಬಸವ ಹೋದ.

ಮಣ್ಣು ಕೊಟ್ಟು ಬಂದ ಸಂಜೆ ಗೌರಾಬಾಯಿ ಮಗಳಿಗೆ ಒಂದೇ ಮಾತು ಅಂದರು: "ನೀನs ಹೂಂ ಅಂದಿ."

ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಎತ್ತದಿದ್ದರೆ ಮಾತು ಹೋಗಿಬಿಡುತ್ತದೆಯೇ? ಅದು ಇಬ್ಬರ ನಡುವೆ ಊಟಕ್ಕೆ ಕೂತಿತು, ಚಹಾಕ್ಕೆ ಕೂತಿತು.

ಅದೇ ವಾರ ಮನೆಯೆದುರಿನ ರಸ್ತೆಯಲ್ಲಿ ಖೆಮೇಂಟೆಯವರು, ಎಂದರೆ ನಗರಸಭೆಯವರು, ಎಂಟು ಲಿಂಡೆ ಸಸಿಗಳನ್ನು ನೆಟ್ಟರು. ಮೊದಲಿದ್ದ ಹಳೆಯ ಲಿಂಡೆಗಳಿಂದ ಬೇಸಿಗೆಯಲ್ಲಿ ಅಂಟು ತೊಟ್ಟಿಕ್ಕಿ ಕಾರುಗಳೆಲ್ಲ ಜಿಗಟಾಗುತ್ತಿದ್ದವಂತೆ, ಜನ ದೂರು ಕೊಟ್ಟಿದ್ದರಂತೆ. ಇದು ಊರಿಗೆಂದೇ ಆರಿಸಿದ ಬೇರೆ ಜಾತಿ. ಅಂಟು ಸುರಿಸುವುದು ಕಡಿಮೆ, ಅಡ್ಡಕ್ಕೆ ಹರಡುವುದಿಲ್ಲ, ಇಟ್ಟಿಗೆ ಹಾಸಿನ ಕೆಳಗೂ ಬೇರು ಬಿಟ್ಟು ಬದುಕುತ್ತದೆ ಎಂದು ಪ್ರಭುದೇವ ವಿವರಿಸಿದ. ಒಟ್ಟಿನಲ್ಲಿ ಕಾರುಗಳಿಗೆ ತೊಂದರೆ ಕೊಡದಂಥ ಸಂಭಾವಿತ ಮರ. ಗೌರಾಬಾಯಿ ಕಂಡದ್ದು ಮಾತ್ರ ಬೇರೆ. ತಮ್ಮ ಬಾಗಿಲೆದುರಿನ ಸಸಿ ಎರಡು ಗೂಟಗಳ ನಡುವೆ, ರಬ್ಬರ್ ಪಟ್ಟಿ ಬಿಗಿಸಿಕೊಂಡು, ಒಂಟಿಯಾಗಿ ನಿಂತಿತ್ತು. ಕಾಂಡ ಅವರ ಮಣಿಕಟ್ಟಿನಷ್ಟು ದಪ್ಪ. ಏಪ್ರಿಲ್‌ನಲ್ಲಿ ಅದು ಚಿಗುರಿದಾಗ ನೋಡಿದರೆ ಎಲೆ ಥೇಟ್ ಅರಳಿಯದು, ತುದಿಯ ಬಾಲವಷ್ಟೇ ಗಿಡ್ಡ.

ಊರಿಗೆ ಹೊರಡುವ ಹಿಂದಿನ ದಿನ ಅವರು ಆ ಸಸಿಗೆ ಉಡದಾರ ಕಟ್ಟಿದರು. ಹತ್ತಿಯ ದಾರ ಈ ಊರಿನ ಮಳೆಗೆ ತಡೆಯುವುದಿಲ್ಲವೆಂದು ಅಳಿಯನ ಡಬ್ಬಿಯಿಂದ ಕರಿಯ ನೈಲಾನ್ ದಾರ ತೆಗೆದು ಏಳು ಸುತ್ತು ಸುತ್ತಿದರು. ಯಾರ ಕಣ್ಣಿಗೂ ಬೀಳಬಾರದು, ಯಾರ ಕತ್ತರಿಯೂ ಮುಟ್ಟಬಾರದು ಎಂದು ರಬ್ಬರ್ ಪಟ್ಟಿಯ ಒಳಗೆ ಗಂಟು ಹಾಕಿದರು. "ಇದನ್ನರ ಉಳಸ್ಕೊಂತೀನಿ" ಎಂದುಕೊಂಡರು.

ವೀಸಾ ಸಿಗುವುದು ವರ್ಷಕ್ಕೆ ಮೂರು ತಿಂಗಳು. ಪ್ರತಿ ಬೇಸಿಗೆ ಬಂದಾಗ ಚಪ್ಪಲಿ ಬಿಡುವ ಮೊದಲೇ ಮರದ ಬಳಿ ಹೋಗುವರು. ಮೂರನೆಯ ಬೇಸಿಗೆಗೆ ಗೂಟ, ಪಟ್ಟಿ ಎಲ್ಲ ತೆಗೆದಿದ್ದರು. ಗೌರಾಬಾಯಿ ಕಾಂಡದ ಬಳಿ ಬಗ್ಗಿದರು. ಬೆರಳಾಡಿಸಿದರೆ ದಾರವಿಲ್ಲ, ಅದಿದ್ದ ಕಡೆ ಒಂದು ಗೆರೆ, ಗೆರೆಯ ಮೇಲೆ ತೊಗಟೆ ಉಬ್ಬಿತ್ತು. ದಾರವನ್ನು ಮರ ತನ್ನೊಳಗೆ ತಗೊಂಡಿದೆ, ಇನ್ನು ಯಾರೂ ಅದನ್ನು ಕತ್ತರಿಸಲಾರರು ಎಂದು ಅವರಿಗೆ ಅವತ್ತು ಎಷ್ಟು ಸಂತೋಷವಾಯಿತೆಂದರೆ, ಹೋಳಿಗೆ ಮಾಡಿದರು.

ಈ ಜೂನ್‌ನಲ್ಲಿ ಬಂದಾಗ ಏಳು ಮರಗಳು ಹೂಬಿಟ್ಟು ರಸ್ತೆಯೆಲ್ಲ ಘಮ್ಮೆನ್ನುತ್ತಿತ್ತು. ಬಸವನ ಮರದಲ್ಲಿ ಹೂವಿಲ್ಲ. ಎಲೆ ಹಳದಿ, ತುದಿ ಒಣಗಿತ್ತು. ವೈಶಾಲಿ ಖೆಮೇಂಟೆಗೆ ಬರೆದಳು. ಮರ ನೋಡುವವನೊಬ್ಬ ಬಂದು, ಮೊಣಕಾಲೂರಿ ಚಾಕುವಿನಿಂದ ತೊಗಟೆ ಕೆರೆದ. ಒಳಗಿಂದ ಕರಿಯ ಎಳೆಯೊಂದು ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ವೈಶಾಲಿಗೆ ಏನೋ ಹೇಳಿದ. ಅವಳು ತಾಯಿಯ ಮುಖ ನೋಡಿದಳು.

"ಏನಂತಾನ?"

"ಏನೋ ರೋಗ ಬಂದೈತಂತ ಅವ್ವಾ."

"ಸುಳ್ಳ ಯಾಕ ಹೇಳ್ತಿ? ಅವನ ಕೈಯಾಗ ದಾರ ಐತಿ."

ವೈಶಾಲಿ ಅವನ ಮಾತನ್ನು ಇದ್ದಂತೆ ಹೇಳಿದಳು. "ಯಾರೋ ಹುಡುಗ್ರು ಕಟ್ಟಿರಬೇಕು ಅಂತಾನ. ಮರ ಬೆಳದಂಗ ಬಿಗೀತಂತ. ಎಲಿ ಮಾಡಿದ ಊಟ ಕೆಳಗ ಇಳೀಲಾರದs ಬೇರು ಉಪವಾಸ ಬಿದ್ದಾವಂತ."

"ಹುಡುಗ್ರಲ್ಲ, ನಾ ಕಟ್ಟೇನಿ ಅಂತ ಹೇಳು ಅವಂಗ."

ವೈಶಾಲಿ ಹೇಳಿದಳು. ಅವನು ಬೈಯಲಿಲ್ಲ. ಚಳಿಗಾಲದಲ್ಲಿ ಇದೇ ಜಾತಿಯ ಇನ್ನೊಂದನ್ನು ನೆಡುತ್ತೇವೆ ಎಂದು ಕಾಂಡದ ಮೇಲೊಂದು ಕೇಸರಿ ಬಣ್ಣದ ಗುರುತು ಹಾಕಿ, ಸೈಕಲ್ ಹತ್ತಿ ಹೋದ. ಅವನು ಬೈದಿದ್ದರೆ ಗೌರಾಬಾಯಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಅವರು ಆ ಗೆರೆಯೊಳಗೆ ಬೆರಳು ತೂರಿಸಲು ನೋಡಿದರು. ಉಗುರು ಕೂಡ ಹೋಗಲಿಲ್ಲ. ಮೂವತ್ತೊಂದು ವರ್ಷ ಊರವರ ಕೂಸುಗಳಿಗೆಲ್ಲ ನೋಡಿದ ಬೆರಳು ಅದು. ಮೆಟ್ಟಿಲ ಮೇಲೆ ಬಂದು ಕೂತರು.

"ವೈಶಾಲಿ, ಆವತ್ತು ಅದರ ಕೈ ಬಾತಿತ್ತೇನ?"

ವೈಶಾಲಿಗೆ ಯಾವತ್ತು ಎಂದು ಕೇಳಬೇಕಾಗಲಿಲ್ಲ. "ಹೂಂ ಅವ್ವಾ. ಬೆರಳು ನೀಲಿ ಆಗಿದ್ವು."

"ನನಗ ಯಾಕ ಹೇಳಲಿಲ್ಲ?"

"ಕಟ್ಟಿದಾಕಿ ನೀ. ಹೆಂಗ ಹೇಳ್ಲಿ?"

ಗೌರಾಬಾಯಿ ಮಗಳ ಕೈ ಹಿಡಿದುಕೊಂಡು, "ನೀ ಹೂಂ ಅಂದದ್ದು ಚಲೋ ಆತವಾ. ಎರಡು ದಿನ ಅದರ ಕೈಯರ ಹಗುರಿತ್ತು" ಎಂದರು.

ನಾಲ್ಕು ವರ್ಷದಿಂದ ವೈಶಾಲಿ ಕಾದಿದ್ದ ಮಾತು ಅದು. ಕೇಳಿದ ಮೇಲೆ ಅವಳಿಗೆ ಸಮಾಧಾನವಾಗಲಿಲ್ಲ. ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು.