ಮಗ್ಗದ ಬೀದಿಗೆ ಹೊಲಿದ ಕೌದಿ

ಮಕ್ಕಳೇ, ಈ ಊರಿನ ಕೂಸುಗಳು ಸದ್ದಿಗೆ ಏಳುವುದಿಲ್ಲ. ಸದ್ದು ನಿಂತರೆ ಏಳುತ್ತವೆ.

ದೊಡ್ಡಬಳ್ಳಾಪುರಕ್ಕೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬೀದಿಯ ವಿದ್ಯುತ್ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಅಲ್ಲಿಯವರೆಗೆ ಆ ಗದ್ದಲದಲ್ಲೂ ಹಾಯಾಗಿ ಮಲಗಿದ್ದ ನಿಮ್ಮ ಶಾಂತತ್ತೆಯ ಮಗಳು ತೊಟ್ಟಿಲಲ್ಲಿ ಚೀರಿಕೊಂಡಳು. ಪಕ್ಕದ ಮನೆಯ ಕೂಸೂ ಅತ್ತಿತು, ಎದುರು ಮನೆಯದೂ ಅತ್ತಿತು. ಏನಾಯಿತೋ ಎಂದು ನಾನು ಬರಿಗಾಲಲ್ಲಿ ಹೊಸ್ತಿಲಿಗೆ ಓಡಿದೆ. ಬೀದಿಯಲ್ಲಿ ಏನೂ ಆಗಿರಲಿಲ್ಲ. ಹೆಂಗಸರು ಜಗಲಿಗೆ ಬಂದು ಬೆನ್ನು ಸಡಿಲಿಸಿಕೊಳ್ಳುತ್ತಿದ್ದರು, ಅಷ್ಟೆ.

ನಮ್ಮ ನವಲಗುಂದದ ಸೀಮೆಯಲ್ಲಿ ಆಚೆ ಊರಿನ ಬಸ್ಸು ಹೊರಟರೆ ಈಚೆ ಊರಿನ ಹೊಲದಲ್ಲಿ ಕೇಳುತ್ತದೆ. ಇಲ್ಲಿ ಪಕ್ಕದಲ್ಲಿ ಕೂತವರ ಮಾತೂ ಕೇಳದು. ನಾವು ಬಾಡಿಗೆಗಿರುವುದು ರತ್ನಮ್ಮನ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ. ಗೋಡೆಯಾಚೆ ಅವರ ಮಗ್ಗ. ಲೋಟದಲ್ಲಿ ನೀರು ತುಂಬಿಟ್ಟರೆ ಅದರ ಮೇಲೆ ಸಣ್ಣ ಅಲೆಗಳು ಏಳುತ್ತಲೇ ಇರುತ್ತವೆ. ನನ್ನ ಎದೆಯೊಳಗೂ ಹಾಗೆಯೇ ಆಗುತ್ತಿತ್ತು. ಶಾಂತಾ ಮತ್ತು ಅವಳ ಗಂಡ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗುತ್ತಾರೆ. ಕೂಸು ನೋಡಿಕೊಳ್ಳಲು ಬಂದ ನಾನು ಒಂದು ಕಡೆ ಕೂರಲಾರದೆ ಒಳಗೂ ಹೊರಗೂ ತಿರುಗುತ್ತಿದ್ದೆ.

ಮಾತು ಇಲ್ಲಿಯೂ ಕನ್ನಡವೇ. ಆದರೆ ನಾನು ಬಾಯಿ ತೆರೆದರೆ ಸಾಕು, ಅಂಗಡಿಯವನು "ಯಾವೂರಮ್ಮ ನಿಮ್ದು?" ಎನ್ನುತ್ತಿದ್ದ. ಮೊದಲೇ ನನಗೆ ಮಾತು ಕಡಿಮೆ. ಆಮೇಲೆ ಬೆರಳು ತೋರಿಸಿಯೇ ಸಾಮಾನು ತರತೊಡಗಿದೆ. ನಮ್ಮ ಹೋಳಿಗೆ ಇಲ್ಲಿ ಒಬ್ಬಟ್ಟು. ರೊಟ್ಟಿಯ ಜಾಗದಲ್ಲಿ ಮುದ್ದೆ. ನಾನು ಮುದ್ದೆ ಅಗಿಯುವುದನ್ನು ಕಂಡು ರತ್ನಮ್ಮ ಬಿದ್ದುಬಿದ್ದು ನಕ್ಕಳು.

"ಅಜ್ಜೀ, ನುಂಗಿ! ಅಗಿದ್ರೆ ಮುದ್ದೆಗೆ ಕೋಪ ಬತ್ತದೆ."

"ಗಂಟಲಾಗ ಸಿಕ್ಕರ ಏನ್ ಮಾಡ್ಲಿ ರತ್ನಮ್ಮಾರ?"

"ಸಾರು ಯಾಕಿರೋದು ಮತ್ತೆ?"

ಮೊದಲ ಬಾರಿಗೆ ಒಂದಿಡೀ ಮುದ್ದೆ ನುಂಗಿದ ದಿನ ಅವಳು ಬೀದಿಗೆಲ್ಲ ಕೇಳುವಂತೆ ಸಾರಿದಳು. ಇಲ್ಲಿ ನನಗೆ ಸಿಕ್ಕ ಮೊದಲ ಗೆಲುವು ಅದು.

ಬೇಸರ ಕಳೆಯಲು ಮಗ್ಗದ ಮನೆಗಳ ಚಿಂದಿ ಆಯ್ದು ಕೂಸಿಗೊಂದು ಸಣ್ಣ ಹಾಸು ಹೊಲಿದೆ. ಅದನ್ನು ಹಗ್ಗದ ಮೇಲೆ ಒಣಹಾಕಿದ್ದಾಗ ನಾಗರಾಜ ಮೇಷ್ಟ್ರು ಕಂಡರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಬೀದಿಯ ಕೊನೆಯಲ್ಲಿ ಒಂದು ಹಳೆಯ ಮನೆ ಹಿಡಿದು, ಊರಿನ ನಾಲ್ಕಾರು ಜನರೊಂದಿಗೆ ಹಳೆಯದನ್ನೆಲ್ಲ ಕಾಪಾಡುತ್ತಿದ್ದಾರೆ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಕೈಮಗ್ಗದ ಭಾಗಗಳು, ಲಾಳಿಗಳು, ಘಾಟಿ ಕ್ಷೇತ್ರದ ದಾರಿಯ ವೀರಗಲ್ಲುಗಳನ್ನು ನೋಡಿ ಬರೆದ ಚಿತ್ರಗಳು, ಮುದುಕಿಯರ ಹಾಡಿನ ಧ್ವನಿಮುದ್ರಣಗಳು ಅಲ್ಲಿವೆ. ಭಾನುವಾರ ಅವರೇ ಪೊರಕೆ ಹಿಡಿದು ಗುಡಿಸುತ್ತಾರೆ.

"ತಾಯಿ, ಈ ಬೀದಿಲಿ ಕೈಯಲ್ಲಿ ನೇಯ್ದ ಬಟ್ಟೆ ಪೆಟ್ಟಿಗೆಗಳಲ್ಲಿ ಕೊಳೀತಾ ಐತೆ. ಮನೆಗೊಂದು ತುಂಡು ಕೇಳ್ತೀವಿ. ನೀವು ಎಲ್ಲಾನೂ ಸೇರಿಸಿ ಒಂದು ದೊಡ್ಡ ಕೌದಿ ಹೊಲ್ದು ಕೊಡ್ತೀರಾ? ಗೋಡೆಗೆ ಹಾಕಣ."

ಗೋಡೆಗೆ ಕೌದಿಯೇ? ನಮ್ಮಲ್ಲಿ ಅದು ಹೊದೆಯಲಿಕ್ಕೆ. ಆದರೂ ಹೂಂ ಎಂದೆ. ನಿಮ್ಮ ಅಜ್ಜ ಹೋದ ಮೇಲೆ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ.

ಬಟ್ಟೆಗಳು ಬಂದವು. ರತ್ನಮ್ಮ ಗೋರಂಟಿ ಬಣ್ಣದ ಒಂದು ಹಳೆಯ ಸೀರೆ ತಂದು, "ನಮ್ಮತ್ತೇದು. ಕೌದಿಗೆ ಇಟ್ಕೊಳ್ಳಿ" ಎಂದಳು. ನಮ್ಮಲ್ಲಿ ಕೌದಿಗೆಂದು ಬಟ್ಟೆ ಕೊಟ್ಟರೆ ಮತ್ತೆ ಕೇಳುವುದೇನಿದೆ? ಉಟ್ಟು ಸವೆದಷ್ಟೂ ಒಳ್ಳೆಯದು. ಮಡಿಕೆ ಬಿಚ್ಚಿ, ಹಲ್ಲಿನಿಂದ ಅಂಚಿಗೆ ಗಾಯ ಮಾಡಿ, ಪರ್ರೆಂದು ಹರಿದೆ.

ಆ ಗಳಿಗೆಯಲ್ಲಿ ಕರೆಂಟು ಇರಲಿಲ್ಲ, ಮಗ್ಗಗಳು ನಿಂತಿದ್ದವು. ಆ ಸದ್ದು ಬೀದಿಯ ಆ ತುದಿಗೂ ಕೇಳಿರಬೇಕು. ರತ್ನಮ್ಮ ಓಡಿಬಂದಳು.

"ಅಯ್ಯೋ! ಏನ್ ಮಾಡ್ಬಿಟ್ರಿ ಅಜ್ಜೀ!"

"ಕೌದಿಗೆ ಅಂದ್ರಲ್ರೀ..."

"ಕೌದಿಗೆ ಅಂದೆ, ಹರೀರಿ ಅಂದ್ನಾ? ಒಳಗೆ ಹಂಗೇ ಹಾಸಿ ಹೊಲೀತೀರ ಅಂದ್ಕೊಂಡಿದ್ದೆ. ಕೈಮಗ್ಗ ಬಿಚ್ಚೋಕೆ ಮುಂಚೆ ಅತ್ತೆ ಕೊನೇದಾಗಿ ನೇಯ್ದಿದ್ದು ಕಣಜ್ಜಿ ಅದು. ನೇಯೋರ ಮನೇಲಿ ಬಟ್ಟೆ ಹರಿಯೋ ಸದ್ದು ಕೇಳ್ಬಾರ್ದು!"

ಅವಳ ಕಣ್ಣಲ್ಲಿ ನೀರು. ನನ್ನ ಕೈಯಲ್ಲಿ ಎರಡು ತುಂಡು. ಜಗಲಿಯಿಂದ ಯಾರೋ ಎಂದರು, "ಆ ಕಡೆಯೋರಿಗೆ ನಮ್ಮೂರ ಬಟ್ಟೆ ಬೆಲೆ ಏನ್ ಗೊತ್ತು?"

ಆಮೇಲೆ ನಲ್ಲಿಯಲ್ಲಿ ನೀರು ಬಂದರೂ ರತ್ನಮ್ಮ ನನ್ನನ್ನು ಕೂಗಲಿಲ್ಲ. ಗೋಡೆಯಾಚೆ ಮಗ್ಗ ಬಡಿಯುತ್ತಿತ್ತು, ಈಚೆ ನಾನು ಚೀಲಕ್ಕೆ ನನ್ನ ಸೀರೆಗಳನ್ನು ತುಂಬುತ್ತಿದ್ದೆ. ಊರಿಗೆ ಬಂದುಬಿಡೋಣ ಎನಿಸಿತ್ತು ಮಕ್ಕಳೇ. ಶಾಂತಾ ಚೀಲ ಕಸಿದಳು. "ಅವ್ವಾ, ನೀ ಹೋದ್ರ ಕೂಸಿನ್ನ ಯಾರ್ ನೋಡ್ಬೇಕು? ನಾಳಿ ನನಗ ಫಸ್ಟ್ ಶಿಫ್ಟ್ ಐತಿ."

ಮೇಷ್ಟ್ರ ಬಳಿ ಹೋಗಿ, ನನ್ನಿಂದ ಆಗದು ಎಂದೆ. ಅವರು ಬಯ್ಯಲಿಲ್ಲ. "ನಿಲ್ಸಿಬಿಡಿ ತಾಯಿ, ಬಲವಂತ ಇಲ್ಲ. ಆದ್ರೆ ಹರಿದಿದ್ದು ಹರಿದಂಗೇ ಉಳ್ಕೊಂತದೆ" ಎಂದರು.

ಆ ಮಾತು ಮನೆಗೆ ಬಂದರೂ ಬಿಡಲಿಲ್ಲ. ಮತ್ತೆ ಸೂಜಿ ಹಿಡಿದೆ. ಗೋರಂಟಿ ಸೀರೆಯನ್ನು ಇನ್ನಷ್ಟು ಚೂರು ಮಾಡದೆ ಕೌದಿಯ ನಡುವಿಗಿಟ್ಟೆ. ಹರಿದ ಕಡೆ ಅಂಚಿನ ಬುಟ್ಟಾಗಳು ಒಂದಕ್ಕೊಂದು ಕೂಡುವ ಹಾಗೆ ಜೋಡಿಸಿದೆ. ಸುತ್ತ ಉಳಿದ ಮನೆಗಳ ಬಟ್ಟೆ. ಮಳೆಗಾಲ ಕಳೆಯುವ ಹೊತ್ತಿಗೆ ಹೊಲಿಗೆ ಮುಗಿಯಿತು, ಒಂದು ಮೂಲೆ ಬಿಟ್ಟು.

ಆ ಮೂಲೆ ಯಾಕೆಂದು ನಿಮಗೆ ಗೊತ್ತು. ಹೋಳಿಗೆಯ ಚೂರು, ಒಂದಿಷ್ಟು ಜೋಳ ಇಟ್ಟು ಕೌದಿಯ ಉಡಿ ತುಂಬಿ ಆಮೇಲೆ ಮುಚ್ಚಬೇಕು. ಬರಿಹೊಟ್ಟೆಯ ಕೌದಿ ಯಾರನ್ನೂ ಬೆಚ್ಚಗಿಡದು. ಉಡಿ ತುಂಬುವುದು ಮುತ್ತೈದೆಯ ಕೈ, ಮುಚ್ಚುವುದೂ ಅದೇ ಕೈ. ಅಜ್ಜ ಇರುವವರೆಗೆ ಅದು ನನ್ನ ಕೈಯಾಗಿತ್ತು. ಶಾಂತಾಳನ್ನು ಕರೆಯಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಬೀದಿಯ ಬಟ್ಟೆಗೆ ಬೀದಿಯ ಮುತ್ತೈದೆಯೇ ಬೇಕು. ಎಷ್ಟೋ ಸಲ ರತ್ನಮ್ಮನ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಕೊನೆಗೊಂದು ದಿನ, ಸಿಹಿ, ಕಾಳು ತಂದು ಕೌದಿಯ ಉಡಿ ತುಂಬಬೇಕೆಂದು ಮಗ್ಗದ ಸದ್ದಿನ ನಡುವೆಯೇ ಕೂಗಿ ಹೇಳಿದೆ. ನನ್ನ ಬಾಯಿಂದ ಅಷ್ಟು ದೊಡ್ಡ ದನಿ ಬಂದದ್ದು ನನಗೇ ಹೊಸದು. ಅವಳು ಕೇಳಿಸಿಕೊಂಡಳೋ ಇಲ್ಲವೋ, ತಲೆ ಎತ್ತಲಿಲ್ಲ.

ಕೌದಿ ತೂಗುಹಾಕುವ ದಿನ ಹಳೆಯ ಮನೆಯಲ್ಲಿ ಜನ ತುಂಬಿದ್ದರು. ಮೇಷ್ಟ್ರು ಬಾಯಿ ತೆರೆದ ಮೂಲೆ ನೋಡಿ, "ಇದು ಬಿಟ್ಟೋಗೈತಲ್ಲ ತಾಯಿ" ಎಂದರು. ನಾನು ಬಾಗಿಲ ಕಡೆ ನೋಡಿದೆ.

ಬಾಗಿಲಲ್ಲಿ ರತ್ನಮ್ಮ. ಕೈಯಲ್ಲಿ ತಟ್ಟೆ, ಅದರಲ್ಲಿ ಒಬ್ಬಟ್ಟು, ಒಂದು ಹಿಡಿ ರಾಗಿ. ನಡುವಿನ ಸೀರೆಯ ಮುಂದೆ ನಿಂತು, ಹರಿದು ಕೂಡಿದ ಅಂಚಿನ ಮೇಲೆ ಬೆರಳು ಎಳೆದಳು. ಒಬ್ಬಟ್ಟಿನ ಚೂರು ಮುರಿದಳು.

"ಅಯ್ಯೋ, ಇರುವೆ ಬತ್ತವಲ್ಲ ರತ್ನಮ್ಮ" ಎಂದರು ಮೇಷ್ಟ್ರು.

"ಬರ್ಲಿ ಬಿಡಿ ಸಾ. ಇರುವೆಗೂ ತಿಳೀಲಿ ನಮ್ಮೂರ ಇತಿಹಾಸ."

ಎಲ್ಲರೂ ನಕ್ಕರು. ಅವಳು ಚೂರನ್ನೂ ರಾಗಿಯನ್ನೂ ಮೂಲೆಯೊಳಗೆ ತುಂಬಿದಳು. ಮುಚ್ಚಲಿ ಎಂದು ಸೂಜಿ ಕೊಡಹೋದೆ. ಅವಳು ನನ್ನ ಕೈಯನ್ನೇ ಹಿಂದಕ್ಕೆ ತಳ್ಳಿದಳು.

"ಹರಿದೋರು ನೀವು. ಹೊಲಿಯೋರೂ ನೀವೇ."

"ನನ್ನ ಕೈ ನಡೀತದೇನ್ರಿ?"

"ಇಷ್ಟೆಲ್ಲ ಯಾರ್ ಕೈ ಅಜ್ಜಿ ಹೊಲ್ದಿದ್ದು? ಬೇಗ ಆಗ್ಲಿ, ಮಗ್ಗ ನಿಲ್ಸಿ ಬಂದಿದೀನಿ."

ಹೊಲಿದೆ. ಆ ಹೊಲಿಗೆ ಸೊಟ್ಟಗಿದೆ. ಹೋದಾಗಲೆಲ್ಲ ಅದೊಂದೇ ನನ್ನ ಕಣ್ಣಿಗೆ ಬೀಳುತ್ತದೆ. ಯಾರೂ ಹೊದೆಯದ ಕೌದಿಯನ್ನು ಗೋಡೆಯ ಮೇಲೆ ಕಂಡು ಈಗಲೂ ಒಳಗೆ ಏನೋ ಕಸಿವಿಸಿಯಾಗುತ್ತದೆ.

ಈಗ ನಿಮಗಾಗಿ ಒಂದು ಹೊಲಿಯುತ್ತಿದ್ದೇನೆ. ಅದನ್ನು ಗೋಡೆಗೆ ಹಾಕಬೇಡಿ, ಹೊದೆಯಿರಿ. ಒಳಗೆ ನಿಮ್ಮ ಅಜ್ಜನ ಧೋತರ, ಮೇಲೆ ಈ ಬೀದಿಯ ಚಿಂದಿ. ಮೂಲೆ ಮಾತ್ರ ಉಳಿದಿದೆ. ನನ್ನ ಮುಂದೆ ಎರಡು ಡಬ್ಬಿಗಳಿವೆ. ಒಂದರಲ್ಲಿ ಊರಿಂದ ತಂದ ಜೋಳ, ಇನ್ನೊಂದರಲ್ಲಿ ರತ್ನಮ್ಮ ಕೊಟ್ಟ ರಾಗಿ. ಕೈ ಒಂದರತ್ತ ಹೋಗುತ್ತದೆ, ತಿರುಗಿ ಬರುತ್ತದೆ. ಮೂಲೆ ತೆರೆದೇ ಇದೆ.

ಇಷ್ಟು ಬರೆಯುವಾಗ ಕರೆಂಟು ಹೋಯಿತು. ಕೂಸಿಗಿಂತ ಮೊದಲು ನಾನು ಬೆಚ್ಚಿದೆ.