ಜಪಾನಿನವನಿಗೆ ಎತ್ತಿದ ಒಂದೇ ಕೈ

ವಿಶ್ವಕಪ್ ಫುಟ್‌ಬಾಲ್ ನಡೆದ ಆ ಚಳಿಗಾಲ, ಅಮೆರಿಕದ ಕಮ್ಮಿಂಗ್ ಊರಿನ ನಮ್ಮ ಬಡಾವಣೆಯ ಆರು ಮಂದಿ ಅಜ್ಜಂದಿರು ಒಂದೇ ಟೀವಿಯ ಮುಂದೆ ಸೇರುತ್ತಿದ್ದೆವು. ದಿನದ ಪಂದ್ಯಗಳು ಮುಗಿದ ಮೇಲೆ, ಅಂದಿನ ಅತ್ಯುತ್ತಮ ಆಟಗಾರ ಯಾರೆಂದು ಕೈ ಎತ್ತಿ ತೀರ್ಮಾನಿಸುವುದು ನಮ್ಮ ಪದ್ಧತಿ. ಹೆಸರುವಾಸಿ ತಾರೆಗಳು ಮೈದಾನದಲ್ಲಿ ವಾಯುವಿಹಾರ ಮಾಡಿದ ದಿನವೂ ಅವರಿಗೇ ಕೈಗಳು ಏಳುತ್ತಿದ್ದವು. ನಾನು ಮೈಸೂರಿನಲ್ಲಿ ಹದಿನೈದು ವರ್ಷ ರೆಫರಿಯಾಗಿದ್ದವನು, ಸಹಿಸಿಕೊಂಡಿದ್ದೆ.

ಅಂದು ಜಪಾನಿನ ಆಟಗಾರನೊಬ್ಬನ ಹುಬ್ಬನ್ನು ಎದುರಾಳಿಯ ಮೊಣಕೈ ಸೀಳಿತು. ರಕ್ತ ಕಾಲರಿನವರೆಗೆ ಇಳಿಯಿತು. ಅವನು ಪಟ್ಟಿ ಕಟ್ಟಿಸಿಕೊಂಡು ಮರಳಿ ಬಂದು, ಅದೇ ಹಣೆಯಿಂದ ಚೆಂಡನ್ನು ಗೋಲಿಗೆ ಗುದ್ದಿದ. ಅವನಿಗೆ ಎದ್ದದ್ದು ಒಂದೇ ಕೈ, ನನ್ನದು.

ಟೀವಿಯಿದ್ದ ಆ ಮನೆಯ ಯಜಮಾನರು ನಿವೃತ್ತ ಬ್ಯಾಂಕ್ ಅಧಿಕಾರಿ, ನನ್ನ ಸ್ನೇಹಿತರು. ನಮ್ಮಲ್ಲಿ ಕಾರು ಓಡಿಸುತ್ತಿದ್ದವರು ಅವರೊಬ್ಬರೇ. ದೇವಸ್ಥಾನ, ಗ್ರಂಥಾಲಯ, ತರಕಾರಿ ಅಂಗಡಿ, ಎಲ್ಲಿಗೇ ಆದರೂ ನಾನು ಅವರ ಪಕ್ಕದ ಸೀಟಿನಲ್ಲೇ ಹೋಗಬೇಕಿತ್ತು.

"ಏನ್ ಸಾರ್, ಯಾರಿಗೆ ಕೈ ಎತ್ತಿದ್ದು? ಆ ಟೀಮಲ್ಲಿ ಹನ್ನೊಂದು ಜನಾನೂ ಒಂದೇ ಅಚ್ಚು! ಇವ್ನೇ ಅವ್ನು ಅಂತ ಹೆಂಗ್ ಗೊತ್ತಾಯ್ತು?" ಎಂದರು. ಉಳಿದವರು ಹೊಟ್ಟೆ ಹಿಡಿದು ನಕ್ಕರು.

ಹಿಂದಿನ ವರ್ಷ ಹತ್ತಿರದ ಊರು ಡುಲುತ್‌ನ ಅಂಗಡಿಯೊಂದರ ಪಾರ್ಕಿಂಗ್ ಲಾಟ್‌ನಲ್ಲಿ ಅಪರಿಚಿತನೊಬ್ಬ ನನ್ನನ್ನು ಬೇರೆ ಯಾರೋ ಎಂದು ತಿಳಿದು ಮುಷ್ಟಿಯಿಂದ ಹೊಡೆದಿದ್ದ. ಎರಡು ಹಲ್ಲು ನೆಲಕ್ಕೆ ಬಿದ್ದವು, ದವಡೆ ಬಿರುಕು ಬಿಟ್ಟಿತು. ಪೊಲೀಸರಿಗೆ ಅವನು ಕೊಟ್ಟ ಸಮಜಾಯಿಷಿ: ಈ ಇಂಡಿಯನ್ನರೆಲ್ಲ ನೋಡಲು ಒಂದೇ ಥರ. ತಮ್ಮ ಮಫ್ಲರನ್ನು ನನ್ನ ಬಾಯಿಗೆ ಒತ್ತಿ ಹಿಡಿದು ಪಕ್ಕದಲ್ಲಿ ನಿಂತು ಆ ಮಾತು ಕೇಳಿದ್ದವರು ಇದೇ ಸ್ನೇಹಿತರು.

ನಾನು ಎದ್ದು ಅವರ ಕೆನ್ನೆಗೆ ಬಾರಿಸಿದೆ. ಕನ್ನಡಕ ಒಡೆದು ಕಣ್ಣಿನ ಕೆಳಗೆ ಚರ್ಮ ಕತ್ತರಿಸಿತು. ಕೋಡುಬಳೆಯ ತಟ್ಟೆಗೆ ರಕ್ತ ತೊಟ್ಟಿಕ್ಕಿತು. ಇನ್ನೊಂದು ಏಟಿಗೆ ಎತ್ತಿದ ಕೈಯನ್ನು ಮೂವರು ಹಿಡಿದುಕೊಂಡರು.

"ಅಪ್ಪಾ, ಅವ್ರ ಹತ್ರ ಸಾರಿ ಕೇಳ್ಬಿಡಿ, ಪ್ಲೀಸ್. ನಾನೂ ನಿಮ್ಮ ಅಳಿಯಾನೂ ಆಫೀಸಿಗೆ ಹೋದ್ಮೇಲೆ ನಿಮ್ಮನ್ನ ಯಾರು ಕರ್ಕೊಂಡ್ ಹೋಗ್ತಾರೆ?" ಎಂದಳು ಆ ರಾತ್ರಿ ಮನೆಯಲ್ಲಿ ಮಗಳು.

"ಕಾಲಿದೆ," ಎಂದೆ.

ಫೈನಲ್ ದಿನದ ಬೆಳಿಗ್ಗೆ, ಫುಟ್‌ಪಾತ್ ಇಲ್ಲದ ರಸ್ತೆಯಂಚಿನ ಹುಲ್ಲಿನ ಮೇಲೆ ನಡೆಯುತ್ತಿದ್ದಾಗ ಆ ಸ್ನೇಹಿತರ ಕಾರು ಪಕ್ಕದಲ್ಲಿ ನಿಂತಿತು. ಅವರ ಕಣ್ಣಿನ ಕೆಳಗೆ ಇನ್ನೂ ನೇರಳೆ ಬಣ್ಣ.

"ಹತ್ತಿ ಸಾರ್, ಮ್ಯಾಚ್ ಶುರುವಾಗತ್ತೆ. ಅವತ್ತು ನಾನೇನಂದೆ ಅಂತಾನೇ ನಂಗ್ ನೆನಪಿಲ್ಲ."

ನನಗಿತ್ತು. ಅವರ ಮಾತನ್ನು ಅಕ್ಷರ ಬಿಡದೆ ಹೇಳಿ, ಅದರ ಬೆನ್ನಿಗೇ ಡುಲುತ್‌ನವನ ಮಾತನ್ನೂ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

"ಹೊಡೆದಿದ್ದಕ್ಕೆ ನಾನೂ ಸಾರಿ ಕೇಳ್ತೀನಿ. ಮೊದ್ಲು ಆ ಜಪಾನಿನವನಿಗೆ ಕೈ ಎತ್ತಿ."

"ತಮಾಷೆಗೆ ಅಂದಿದ್ದಲ್ವಾ ಸಾರ್..."

ಅವರ ಎರಡು ಕೈಗಳೂ ಸ್ಟಿಯರಿಂಗ್ ಮೇಲೆಯೇ ಉಳಿದವು. ಚಳಿಗೆ ನನ್ನ ದವಡೆ ಕಟಕಟ ಎನ್ನುತ್ತಿತ್ತು. ಕಾಯುವಷ್ಟು ಕಾದೆ, ಆಮೇಲೆ ನಡೆದೆ.