ಮೇಲಿನ ಸಾಲಿಗೆ ಕಾಣದ ಮಗಳು

ಅಮೆರಿಕದಲ್ಲಿ ಟವೆಲ್ಲಿಗೆ ಕಿಮ್ಮತ್ತಿಲ್ಲ. ಎಂಟು ವರ್ಷದಿಂದ ಸನ್ನಿವೇಲಿನಲ್ಲಿದ್ದೂ ಇದು ನನಗೆ ಗೊತ್ತಾದದ್ದು ಕಳೆದ ಶನಿವಾರ, ನನ್ನ ಕಾಲೇಜಿನ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ.

ಆಟ ನೋಡಲು ಹೋಗಿರಲಿಲ್ಲ. ಅಲ್ಲಿ ನಮ್ಮ ಪದವಿ ಪ್ರದಾನವಿತ್ತು. ಹಗಲು ಆಫೀಸು, ಸಂಜೆ ಕ್ಲಾಸು, ನಡುವೆ ಒಂದು ಹೆರಿಗೆ. ನಾಲ್ಕು ವರ್ಷ ಎಳೆದಾಡಿ ಮುಗಿಸಿದ ಎಂ.ಎಸ್. ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹುಬ್ಬಳ್ಳಿಯಿಂದ ಅಪ್ಪ ಬಂದಿದ್ದರು. ನಾಲ್ಕನೇ ಇಯತ್ತೆ ಓದಿದವರು, ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಊರಲ್ಲಿ ನನಗೆ ಬಿ.ಇ. ಪದವಿ ಕೊಟ್ಟ ದಿನ ಅವರಿಗೆ ಡ್ಯೂಟಿ ಇತ್ತು, ರಜೆ ಸಿಗಲಿಲ್ಲ. ಆದ್ದರಿಂದ ಈ ಸಲ ನನಗಿದ್ದದ್ದು ಒಂದೇ ಆಸೆ. ನಾನು ವೇದಿಕೆ ಹತ್ತುವುದನ್ನು ಅಪ್ಪ ನೋಡಬೇಕು.

ಮಗಳಿಗೆ ಜ್ವರ ಬಂದು ಗಂಡ ಮನೆಯಲ್ಲೇ ಉಳಿದರು. ನಾವಿಬ್ಬರೇ ಒಂದು ಗಂಟೆ ಮೊದಲೇ ಹೋದೆವು. ಮೊದಲನೇ ಸಾಲು ಖಾಲಿ ಇತ್ತು. ಅಷ್ಟರಲ್ಲಿ ಅಪ್ಪನಿಗೆ ಬಾತ್‌ರೂಮಿಗೆ ಹೋಗಬೇಕಾಯಿತು.

"ಹೆಗಲ ಮ್ಯಾಲಿನ ಟವೆಲ್ ಹಾಸಿ ಹೋಗ್ರಿ ಅಪ್ಪಾ, ಯಾರೂ ಕೂಡಂಗಿಲ್ಲ."

ಅಪ್ಪ ನನ್ನನ್ನೇ ದಿಟ್ಟಿಸಿದರು. "ಕಿಟಕ್ಯಾಗಿಂದ ಟವೆಲ್ ಒಗೆದು ಸೀಟು ಹಿಡಿಯೋ ಮಂದೀಗೆ ಟವೆಲ್ಲಿಗೂ ಟಿಕೀಟ್ ಹರೀಲೇನು ಅಂತ ಬೈಕೋತ ಬಂದಾವ ನಾ. ಈಗ ನನ್ನ ಕೈಲೇ ಹಾಸಸ್ತಿ?"

"ಇದು ಬಸ್ಸಲ್ಲ ಅಪ್ಪಾ. ಇಲ್ಲಿ ಮಂದಿ ಶಿಸ್ತಿನವರು. ಒಬ್ಬರ ಸಾಮಾನು ಇನ್ನೊಬ್ಬರು ಮುಟ್ಟಂಗಿಲ್ಲ."

ಎಂ.ಎಸ್. ಮಾಡಿದವಳ ಬುದ್ಧಿ ನೋಡಿ! ಟವೆಲ್ ಹಾಸಿಸಿ, ಬಾತ್‌ರೂಮಿನ ದಾರಿ ತೋರಿಸಿ, ಕರಿ ಗೌನು ತೊಟ್ಟು ಕೆಳಗೆ ಮೈದಾನದ ಸಾಲಿಗೆ ಓಡಿದೆ.

ಗೇಟಿನಲ್ಲಿ ಕೊಟ್ಟ ಹಾಳೆಯಲ್ಲಿ ಸ್ಟೇಡಿಯಮ್ಮಿನ ಚರಿತ್ರೆ ಇತ್ತು. ಸಾಲಿನಲ್ಲಿ ನಿಂತು ಓದಿದೆ. ಮೊದಲು ಅದೊಂದು ಗುಂಡಿ. ಅಗೆದ ಮಣ್ಣನ್ನೇ ಸುತ್ತ ದಿಬ್ಬ ಮಾಡಿ, ಮೇಲೆ ಮರದ ಹಲಗೆ ಹಾಕಿದರು. ಆಮೇಲೆ ಕಾಂಕ್ರೀಟು ಬಂತು. ಕಾಲೇಜಿನ ತಂಡ ಗೆದ್ದ ವರ್ಷಗಳಲ್ಲಿ ಜನ ಹೆಚ್ಚಿದರು, ಸಾಲುಗಳೂ ಹೆಚ್ಚಿದವು. ಈಗ ಪಶ್ಚಿಮಕ್ಕೆ ಹೊಸ ಮೇಲಂತಸ್ತು.

ಆ ಮೇಲಂತಸ್ತಿನ ಚರಿತ್ರೆ ಹಾಳೆ ನೋಡದೆಯೂ ನನಗೆ ಗೊತ್ತಿತ್ತು. ಅದಕ್ಕಾಗಿ ಸಂಜೆ ವಿದ್ಯಾರ್ಥಿಗಳ ಪಾರ್ಕಿಂಗ್ ಜಾಗ ಹೋಯಿತು. ಬಸುರಿಯಾಗಿದ್ದಾಗ ಪುಸ್ತಕ ಹೊತ್ತು ಆರು ಬ್ಲಾಕ್ ನಡೆದಿದ್ದೇನೆ. ಕ್ಲಾಸಿನ ಕಿಟಕಿಯಾಚೆ ಕಂಬ ಹುಗಿಯುವ ಯಂತ್ರ ಧಡ್ ಅಂದರೆ ಪ್ರೊಫೆಸರ್ ಮಾತು ನಿಲ್ಲಿಸುತ್ತಿದ್ದರು. ಧಡ್, ಒಂದು ಸಮೀಕರಣ. ಧಡ್, ಇನ್ನೊಂದು. ಚೆಂಡಾಟಕ್ಕೆ ಇಷ್ಟು ಮೆಟ್ಟಿಲು ಯಾಕೆ ಎಂದು ಮನಸಾರೆ ಬೈದಿದ್ದೇನೆ. (ಲೈಬ್ರರಿಯಲ್ಲಿ ಕೂರಲು ಕುರ್ಚಿ ಸಿಗದ ದಿನ ಇನ್ನೂ ಜೋರಾಗಿ.)

ನನ್ನ ಹೆಸರು ಕರೆದರು. ಅದು ನನ್ನದೇ ಎಂದು ಊಹಿಸಿಕೊಂಡು ವೇದಿಕೆ ಹತ್ತಿದೆ. ಮೊದಲನೇ ಸಾಲಿನತ್ತ ತಿರುಗಿದೆ.

ಅಪ್ಪನ ಜಾಗದಲ್ಲಿ ದೊಡ್ಡ ಹ್ಯಾಟಿನ ಹೆಂಗಸೊಬ್ಬಳು ಕೂತಿದ್ದಳು.

ಆ ಕಡೆ, ಈ ಕಡೆ ಹುಡುಕಿದೆ. ಕಾಣಲಿಲ್ಲ. ಕೈಗೆ ಪದವಿಪತ್ರದ ಸುರುಳಿ ಬಂದ ಮೇಲೂ ಹುಡುಕುತ್ತಲೇ ನಿಂತಿದ್ದೆ. "ಮುಂದೆ ನಡಿಯಮ್ಮಾ" ಎಂದು ಡೀನ್ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಾಗ ಇಳಿದೆ. ನಾಲ್ಕು ವರ್ಷ ಕಾದಿದ್ದ ಗಳಿಗೆ ಹೀಗೆ ಮುಗಿಯಿತು. ಇಂಗ್ಲಿಷು ಬಾರದ ಮನುಷ್ಯ, ಎಲ್ಲಿ ಹೋದರು?

ಸಮಾರಂಭ ಮುಗಿದು ಜನ ಕರಗಿದ ಮೇಲೆ ಸಿಕ್ಕರು. ಅದೇ ಹೊಸ ಮೇಲಂತಸ್ತಿನಿಂದ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದರು. ಆಮೇಲೆ ವಿಚಾರಿಸಿದಾಗ ತಿಳಿದದ್ದು ಇಷ್ಟು: ಯಾರೋ ಬಿಟ್ಟುಹೋದದ್ದೆಂದು ಕಾವಲಿನವನು ಟವೆಲ್ಲನ್ನು ಕಳೆದ ಸಾಮಾನಿನ ಪೆಟ್ಟಿಗೆಗೆ ಹಾಕಿದ್ದ. ದಾರಿ ತಪ್ಪಿ ಸುತ್ತಾಡಿ ಅಪ್ಪ ಮರಳಿ ಬರುವಷ್ಟರಲ್ಲಿ ಕೆಳಗಿನ ಸಾಲುಗಳೆಲ್ಲ ಭರ್ತಿ. ಅವರು ಹೇಳಿದ್ದು ಅವನಿಗೆ ತಿಳಿಯಲಿಲ್ಲ. ಅವನು ಮೇಲೆ ಕೈ ತೋರಿಸಿದ. ಅಪ್ಪ ಮೇಲೆ, ಇನ್ನೂ ಮೇಲೆ ಹತ್ತಿದ್ದರು.

"ನನ್ನ ನೋಡಿದ್ರೇನು ಅಪ್ಪಾ?"

ಅಪ್ಪ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇಲ್ಲವಾ. ಎಲ್ಲಾರೂ ಕರೀ ಅಂಗಿಯವರ. ಅಲ್ಲಿಂದ ಇರುವಿ ಸಾಲು ಕಂಡಂಗ ಕಾಣಸ್ತಿದ್ರಿ. ಹೆಸರು ಒಂದೂ ತಿಳೀಲಿಲ್ಲ."

"ಮತ್ತ... ಸುಮ್ಮನ ಕೂತಿದ್ರಿ?"

"ಸುಮ್ಮನ ಯಾಕ ಕೂಡ್ಲಿ? ಮೊದಲನೇದವರಿಂದ ಹಿಡದು ಕಡೀಯವರ ತನಕ ಒಬ್ಬರನ್ನೂ ಬಿಡದ ಚಪ್ಪಾಳಿ ಹೊಡದೆ. ನಡುವ ಎಲ್ಲೋ ನೀ ದಾಟಿರ್ತೀ ಅಲ್ಲ?" ಎಂದು ನಕ್ಕರು. "ಬಾಜೂದಾವ, ನಿನ್ನ ಮಗಳು ಯಾರು ಅಂತ ಕೈಲೇ ಕೇಳಿದ. ಎಲ್ಲಾರೂ ಅಂತ ತೋರಿಸಿದೆ. ಹೆದರಿಬಿಟ್ಟ!"

ಎರಡೂ ಅಂಗೈ ಕೆಂಪಾಗಿದ್ದವು.

ನಾನೇನು ಮಾಡಿದ್ದೆ? ನನ್ನ ಹಿಂದೆ ಮುಂದೆ ನಿಂತವರ ಹೆಸರು ಕರೆದಾಗ ಒಮ್ಮೆಯೂ ಚಪ್ಪಾಳೆ ತಟ್ಟಿರಲಿಲ್ಲ. ಅವರಲ್ಲಿ ಎಷ್ಟು ಮಂದಿ ಮನೆಗೆ ಮೊದಲ ಪದವೀಧರರೋ, ಎಷ್ಟು ಮಂದಿಗೆ ನೋಡಲು ಯಾರೂ ಬಂದಿರಲಿಲ್ಲವೋ, ನನಗೆ ಹೊಳೆದೇ ಇರಲಿಲ್ಲ. ಕಷ್ಟಪಟ್ಟು ಮೇಲೆ ಬಂದವರಿಗೆ ಹೀಗಾಗುತ್ತದೆ. ನಮ್ಮ ಮೆಟ್ಟಿಲು ಎಣಿಸುತ್ತ ಪಕ್ಕದವರು ಹತ್ತಿದ್ದನ್ನು ಮರೆಯುತ್ತೇವೆ.

ಪೂರ್ವದ ಕಡೆಗೂ ಇನ್ನೊಂದು ಮೇಲಂತಸ್ತು ಬರುತ್ತದಂತೆ. ಬರಲಿ. ಆದರೆ ಯಾರ ಮುಖವೂ ಕಾಣದ ಆ ಎತ್ತರದಲ್ಲಿ ಕೂತು ಎಲ್ಲರಿಗೂ ಚಪ್ಪಾಳೆ ತಟ್ಟುವವರನ್ನು ಎಲ್ಲಿಂದ ತರುತ್ತಾರೆ?